ಕಬ್ಬಿನ ಸೀಮೆಯಲ್ಲಿ ಓಟದ ಕಾರು



ಮಂಡ್ಯದ ನೂರಡಿ ರಸ್ತೆಯಲ್ಲಿ ಸಂಜೆ ಹೊತ್ತು ಸುಮ್ಮನೆ ನಿಂತು ನೋಡಿದರೆ ಸಾಕು, ನಮ್ಮ ಜಿಲ್ಲೆಯ ಹುಡುಗರ ಕಣ್ಣು ಯಾವ ಗಾಡಿಯ ಮೇಲಿದೆ ಎಂಬುದು ತಿಳಿಯುತ್ತದೆ. ನನ್ನ ಕಾಲದವರಿಗೆ ಅದು ಮೈಸೂರಿನ ಯಾದವಗಿರಿಯಲ್ಲೇ ತಯಾರಾಗುತ್ತಿದ್ದ ಜಾವಾ, ಯೆಜ್ಡಿ. ಆಮೇಲಿನವರಿಗೆ ಯಮಹಾ ಆರ್‌ಎಕ್ಸ್ 100. ಈಗ ಆ ಆಸೆ ಎರಡು ಚಕ್ರದಿಂದ ನಾಲ್ಕು ಚಕ್ರಕ್ಕೆ ಬಂದಿದೆ. ಬೆಂಗಳೂರಿನಲ್ಲಿ ಯಾರೋ ಐದಾರು ವರ್ಷ ಆಸೆಪಟ್ಟು ಓಡಿಸಿ, ಮಗು ಹುಟ್ಟಿದ ಮೇಲೋ ವಿದೇಶಕ್ಕೆ ಹೊರಟಾಗಲೋ ಮಾರಿದ ಓಟದ ಕಾರು ಕೈಯಿಂದ ಕೈಗೆ ದಾಟಿ ಮದ್ದೂರಿಗೋ ಮಳವಳ್ಳಿಗೋ ಬರುತ್ತದೆ. ಹೊಸದಾಗಿ ಕೊಳ್ಳಲು ಕೈಗೆಟುಕದಿದ್ದದ್ದು ಅರ್ಧ ಬೆಲೆಗೆ ಎಟುಕುತ್ತದೆ. ಪಾಲಿಟೆಕ್ನಿಕ್ಕಿನಲ್ಲಿ ಆಟೊಮೊಬೈಲ್ ಪಾಠ ಹೇಳಿ ನಿವೃತ್ತನಾದ ನನ್ನ ಹತ್ತಿರ ಹಳೇ ವಿದ್ಯಾರ್ಥಿಗಳು ಫೋನು ಹಿಡಿದುಕೊಂಡು ಬರುತ್ತಾರೆ. ಪರದೆಯ ಮೇಲೊಂದು ಫೋಟೊ. "ಸಾರ್, ಲಿಮಿಟೆಡ್ ಎಡಿಷನ್ನು. ದಿನಾ ಓಡಾಡಕ್ಕೆ ತಗೋಬೋದಾ?"

ತಗೊಳ್ಳಬಹುದು. ಓಟದ ಕಾರು ಎಂದ ಕೂಡಲೇ "ಅದು ದೊಡ್ಡವರ ಮಕ್ಕಳ ಆಟ, ನಮಗ್ಯಾಕೆ" ಎನ್ನುವ ಹಿರಿಯರ ಪೈಕಿ ನಾನಲ್ಲ. ಗೇರು ಬದಲಿಸುವುದರಲ್ಲಿ, ತಿರುವಿನಲ್ಲಿ ಕಾರು ಅಲುಗಾಡದೆ ನಿಲ್ಲುವುದರಲ್ಲಿ ಒಂದು ಸಂತೋಷವಿದೆ. ದುಡಿದ ದುಡ್ಡಿನಲ್ಲಿ ಅದನ್ನು ಬಯಸುವುದು ಅಪರಾಧವಲ್ಲ. ಆದರೆ ನಾನು ಅವರಿಗೆ ಕೇಳುವ ಮೊದಲ ಪ್ರಶ್ನೆ ಕಾರಿನದ್ದಲ್ಲ, ರಸ್ತೆಯದ್ದು. ನಿಮ್ಮ ಮನೆಯಿಂದ ಕೆಲಸದ ಜಾಗದವರೆಗೆ ಎಷ್ಟು ಹಂಪು? ಅದರಲ್ಲಿ ಪಿಡಬ್ಲ್ಯುಡಿಯವರು ಹಾಕಿದ್ದೆಷ್ಟು, ಊರಿನವರೇ ರಾತ್ರೋರಾತ್ರಿ ಮಣ್ಣು ಸಿಮೆಂಟು ಸುರಿದು ಮಾಡಿದ್ದೆಷ್ಟು? ಹುರುಳಿ ಕಾಲದಲ್ಲಿ ಆ ರಸ್ತೆ ಕಣವಾಗುತ್ತದೆಯೆ? ಇದಕ್ಕೆ ಉತ್ತರ ಗೊತ್ತಿಲ್ಲದೆ ಎಷ್ಟು ಅಶ್ವಶಕ್ತಿ, ನೂರಕ್ಕೆ ಎಷ್ಟು ಸೆಕೆಂಡು ಎಂದು ಮಾತಾಡುವುದು ವ್ಯರ್ಥ.

ಮೊದಲು ಈ "ವಿಶೇಷ ಆವೃತ್ತಿ" ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ. ಕೆಲವು ಕಾರುಗಳ ವಿಶೇಷ ಚರ್ಮದ ಮೇಲಿರುತ್ತದೆ, ಕೆಲವುಗಳದ್ದು ಹೊಟ್ಟೆಯೊಳಗೆ. 2022ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ ಭಾರತದಲ್ಲಿ ಪೋಲೊ ಕಾರಿಗೆ ವಿದಾಯ ಹೇಳುವಾಗ "ಲೆಜೆಂಡ್ ಎಡಿಷನ್" ಎಂದು 700 ಕಾರು ಬಿಟ್ಟಿತು. ಒಳ್ಳೇ ಕಾರೇ. ಆದರೆ ಅದರ ಎಂಜಿನ್ನು, ಗೇರುಪೆಟ್ಟಿಗೆ ಎಲ್ಲ ಮಾಮೂಲಿ ಪೋಲೊ ಜಿಟಿಯದ್ದೇ. ಹೆಚ್ಚಿಗೆ ಇದ್ದದ್ದು ಹೆಸರಿನ ಬಿಲ್ಲೆ, ಪಕ್ಕದ ಸ್ಟಿಕರು, ಇಂಥವು. ಹೊಸದರಲ್ಲಿ ಅದು ಗೌರವದ ಗುರುತು. ಎರಡನೇ ಕೈಗೆ ಬರುವಾಗ ಆ ಸ್ಟಿಕರಿಗೆ ಲಕ್ಷ ರೂಪಾಯಿ ಜಾಸ್ತಿ ಕೇಳಿದರೆ, ಬದಿಯಲ್ಲೇ ನಿಂತಿರುವ ಮಾಮೂಲಿ ಜಿಟಿಯನ್ನು ನೋಡಿ ಎನ್ನುತ್ತೇನೆ.

ಹೊಟ್ಟೆಯೊಳಗೇ ಬದಲಾದದ್ದಕ್ಕೆ ಉದಾಹರಣೆ ಫಿಯೆಟ್‌ನ ಅಬಾರ್ತ್ ಪುಂಟೊ. 2015ರ ಅಕ್ಟೋಬರಿನಲ್ಲಿ ಬಂದದ್ದು. ಆಗಿನ ದೆಹಲಿ ಷೋರೂಮ್ ಬೆಲೆ 9 ಲಕ್ಷ 95 ಸಾವಿರ. 1.4 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್ನಿನಿಂದ 145 ಅಶ್ವಶಕ್ತಿ. ಹತ್ತು ಲಕ್ಷದೊಳಗೆ ಅಷ್ಟು ಶಕ್ತಿಯನ್ನು ಅಲ್ಲಿಯವರೆಗೆ ಯಾರೂ ಕೊಟ್ಟಿರಲಿಲ್ಲ. ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕು. ಮೈಮೇಲೆ ಕೆಂಪು ಪಟ್ಟೆ, ಮೂತಿಯ ಮೇಲೆ ಚೇಳು. ಇದೂ ಪುಂಟೊದ ಮೈಯೇ, ಆದರೆ ಕಾರನ್ನು ನೆಲಕ್ಕೆ ತಗ್ಗಿಸಿ, ಸಸ್ಪೆನ್ಷನ್ ಬಿಗಿ ಮಾಡಿ, ಸ್ಪ್ರಿಂಗು ಬದಲಿಸಿ ಕೊಟ್ಟಿದ್ದರು.  ಇನ್ನೊಂದು ತುದಿಯಲ್ಲಿ 2020ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 245. ಭಾರತಕ್ಕೆ ಬಂದದ್ದೇ 200 ಕಾರು. 245 ಅಶ್ವಶಕ್ತಿ. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಹುಡುಗರ ಫೋನಿನಲ್ಲಿ ನಾನು ಹೆಚ್ಚಾಗಿ ನೋಡುವುದು ಇವುಗಳನ್ನೇ: ಒಂದು ಪೋಲೊ, ಒಂದು ಚೇಳು, ದುಡ್ಡು ಇರುವವನದ್ದಾದರೆ ಒಂದು ಆರ್‌ಎಸ್.

ಅಂದಹಾಗೆ, ಕರ್ನಾಟಕಕ್ಕೂ ಓಟದ ಕಾರಿನ ಒಂದು ಪುಟ್ಟ ಚರಿತ್ರೆಯಿದೆ. ಎಂಬತ್ತರ ದಶಕದಲ್ಲಿ ಬೆಂಗಳೂರಿನ ಸಿಪಾನಿ ಕಂಪನಿ ಡಾಲ್ಫಿನ್ ಎಂಬ ಎರಡು ಬಾಗಿಲಿನ ಕಾರು ಮಾಡಿತು. ಮೈ ತಗಡಿನದಲ್ಲ, ಫೈಬರಿನದು. ಇಂಗ್ಲೆಂಡಿನ ರಿಲಯಂಟ್ ಕಂಪನಿಯ 848 ಸಿಸಿ ಎಂಜಿನ್ನು. ಹಗುರವಾಗಿದ್ದುದರಿಂದ ರ‍್ಯಾಲಿಗಳಲ್ಲಿ ಅದು ಅಂಬಾಸಡರು, ಫಿಯೆಟ್ಟುಗಳಿಗೆ ನೀರು ಕುಡಿಸಿತು. ಬೀದಿಯಲ್ಲಿ ಮಾತ್ರ ಜನ ಅದನ್ನು ನಂಬಲಿಲ್ಲ. 1983ರ ಕೊನೆಯಲ್ಲಿ ಮಾರುತಿ 800 ಬಂದ ಮೇಲಂತೂ ಮುಗಿಯಿತು. ರ‍್ಯಾಲಿಯಲ್ಲಿ ಗೆಲ್ಲುವುದು ಬೇರೆ, ಹಾಲಿನ ಕ್ಯಾನು ಹಾಕಿಕೊಂಡು ಡೇರಿಗೆ ಹೋಗಿ ಬರುವುದು ಬೇರೆ ಎನ್ನುವುದನ್ನು ಡಾಲ್ಫಿನ್ ನಮಗೆ ನಲವತ್ತು ವರ್ಷದ ಹಿಂದೆಯೇ ತೋರಿಸಿತ್ತು.

ಈಗ ರಸ್ತೆಗೆ ಬರೋಣ.

ನಿಲ್ಲಿಸಿದ ಕಾರಿನ ಹೊಟ್ಟೆಗೂ ನೆಲಕ್ಕೂ ನಡುವಿನ ಅಂತರವನ್ನು ಗ್ರೌಂಡ್ ಕ್ಲಿಯರೆನ್ಸ್ ಎನ್ನುತ್ತಾರೆ. ಅಬಾರ್ತ್ ಪುಂಟೊದಲ್ಲಿ ಅದು 155 ಮಿಲಿಮೀಟರು. ನಮ್ಮ ಹಳ್ಳಿಗಳಲ್ಲಿ ಓಡುವ ಬೊಲೆರೊದಲ್ಲಿ 180ರ ಆಸುಪಾಸು. ವ್ಯತ್ಯಾಸ ಎರಡೂವರೆ ಸೆಂಟಿಮೀಟರು, ಒಂದು ಅಂಗುಲ. ಅಷ್ಟೇ ತಾನೆ ಎನ್ನಬೇಡಿ. ಆ ಅಂಗುಲದಲ್ಲೇ ಎಂಜಿನ್ನಿನ ಎಣ್ಣೆ ಚೇಂಬರು ಉಳಿಯುವುದೋ ಒಡೆಯುವುದೋ ತೀರ್ಮಾನವಾಗುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮದಂತೆ ಹಂಪಿನ ಎತ್ತರ 10 ಸೆಂಟಿಮೀಟರು, ಅಗಲ 3.7 ಮೀಟರು. ಅಂದರೆ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುವ ಒಂದು ದಿಬ್ಬ. ಗಂಟೆಗೆ 25 ಕಿಲೋಮೀಟರಿನಲ್ಲಿ ಬೆನ್ನು ನೋಯದೆ ದಾಟಬಹುದು. ಈ ಅಳತೆಯ ಹಂಪಿನ ಮೇಲೆ ಅಬಾರ್ತ್ ಸುಖವಾಗಿ ಹೋಗುತ್ತದೆ. ಆದರೆ ಕೆ.ಎಂ. ದೊಡ್ಡಿಯಿಂದ ಮಳವಳ್ಳಿ ಕಡೆಯ ಒಳರಸ್ತೆಗಳಲ್ಲಿ 3.7 ಮೀಟರು ಅಗಲದ ಹಂಪು ಎಲ್ಲಿದೆ, ಹುಡುಕಿ ಹೇಳಿ. ಇರುವುದು ಒಂದು ಮೊಳ ಅಗಲದ, ಗೋಡೆ ಎಬ್ಬಿಸಿದಂಥ ಉಬ್ಬು. ಕಾರಿನ ಮುಂದಿನ ಚಕ್ರ ಅದನ್ನು ಇಳಿದು ಹಿಂದಿನ ಚಕ್ರ ಏರುವ ಮೊದಲೇ ನಡುಹೊಟ್ಟೆ ಅದರ ಮೇಲೆ ಕೂರುತ್ತದೆ. ಹಿಂದಿನ ಸೀಟಿನಲ್ಲಿ ಮೂವರು, ಡಿಕ್ಕಿಯಲ್ಲಿ ಒಂದು ಮೂಟೆ ಅಕ್ಕಿ ಇದ್ದರೆ ಕಾರು ಇನ್ನಷ್ಟು ತಗ್ಗುತ್ತದೆ. ಪುಸ್ತಕದಲ್ಲಿನ 155 ಆಗ ಪುಸ್ತಕದಲ್ಲೇ ಉಳಿಯುತ್ತದೆ.

ಹಾಗಾಗಿ ಟೆಸ್ಟ್ ಡ್ರೈವ್ ಎಂದರೆ ಒಬ್ಬರೇ ಹೋಗಬೇಡಿ, ಬೆಂಗಳೂರು–ಮೈಸೂರು ದಶಪಥಕ್ಕೂ ಹೋಗಬೇಡಿ. ಮನೆಯವರನ್ನೆಲ್ಲ ಕೂರಿಸಿಕೊಂಡು, ನೀವು ದಿನಾ ಹೋಗುವ ದಾರಿಯಲ್ಲೇ ಹೋಗಿ. ಹಂಪಿಗೆ ನೇರವಾಗಿ ಅಲ್ಲ, ಓರೆಯಾಗಿ ಏರಿಸಿ ನೋಡಿ. ಮಾರುವವನು ಒಪ್ಪದಿದ್ದರೆ ಅದೂ ಒಂದು ಉತ್ತರವೇ.

ಟೈರಿನ ಗೋಡೆಯ ವಿಷಯವೂ ಇದೆ. ಟೈರಿನ ಪಕ್ಕದಲ್ಲಿ 195/55 ಎಂದು ಬರೆದಿದ್ದರೆ ಅಗಲ 195 ಮಿಲಿಮೀಟರು, ಗೋಡೆಯ ಎತ್ತರ ಅದರ ನೂರಕ್ಕೆ 55 ಭಾಗ, ಅಂದರೆ 107. ಅಬಾರ್ತಿನದ್ದು ಇದು. ಆರ್‌ಎಸ್ 245ಕ್ಕೆ 225/40, ಹದಿನೆಂಟು ಇಂಚಿನ ಚಕ್ರ. ಗೋಡೆ ಬರೀ 90 ಮಿಲಿಮೀಟರು. ಗುಂಡಿಯ ಅಂಚಿಗೆ ಬಡಿದಾಗ ಪೆಟ್ಟು ತಿನ್ನುವ ರಬ್ಬರು ಅಷ್ಟೇ. ಅದು ಸಾಲದಿದ್ದರೆ ಅಲಾಯ್ ಚಕ್ರ ಬಾಗುತ್ತದೆ, ಇಲ್ಲವೆ ಟೈರಿನ ಪಕ್ಕೆಯಲ್ಲಿ ಮೊಟ್ಟೆಯಂತೆ ಉಬ್ಬು ಏಳುತ್ತದೆ. ಉಬ್ಬು ಎದ್ದ ಟೈರಿಗೆ ಪಂಕ್ಚರ್ ಅಂಗಡಿಯವನು ಏನೂ ಮಾಡಲಾರ. ಆರ್‌ಎಸ್ ಅದ್ಭುತ ಕಾರು. ಮಂಡ್ಯ ಊರಿನಲ್ಲೇ ಮನೆ, ಬೆಂಗಳೂರಲ್ಲಿ ಕೆಲಸ ಎನ್ನುವವರಿಗೆ ಸರಿ. ಮಳವಳ್ಳಿಯ ಒಳಹಳ್ಳಿಯವರಿಗೆ ಬೇಡ ಎಂದೇ ಹೇಳುತ್ತೇನೆ.

ಇನ್ನು ಹುರುಳಿ. ಈ ವಿಷಯ ಕಾರಿನ ಪತ್ರಿಕೆಗಳಲ್ಲಿ ಬರುವುದಿಲ್ಲ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಸುಗ್ಗಿಯ ತಿಂಗಳುಗಳಲ್ಲಿ ನಮ್ಮ ರೈತರು ರಾಗಿ ತೆನೆ, ಹುರುಳಿ ಗಿಡಗಳನ್ನು ಟಾರು ರಸ್ತೆಯ ಮೇಲೆ ಹರಡುತ್ತಾರೆ. ಹೋಗಿ ಬರುವ ಗಾಡಿಗಳ ಚಕ್ರವೇ ಒಕ್ಕಣೆ ಮಾಡಿಕೊಡುತ್ತದೆ. ಕಾನೂನಿಗೆ ಒಪ್ಪುವ ಕೆಲಸವಲ್ಲ, ಪೊಲೀಸರು ಪ್ರತಿ ವರ್ಷ ಹೇಳುತ್ತಲೂ ಇರುತ್ತಾರೆ. ಆದರೆ ಊರೊಟ್ಟಿನ ಕಣ ಮಾಯವಾಗಿ, ಆಳಿನ ಕೂಲಿ ಏರಿದ ಮೇಲೆ ರೈತನಿಗೆ ರಸ್ತೆಯೇ ಕಣವಾಗಿದೆ. ರಾಗಿ ಹುಲ್ಲು ಜಾರಿಕೆ, ಬೈಕಿನವರಿಗೆ ಅಪಾಯ. ಹುರುಳಿ ಬಳ್ಳಿ ಕಾರಿಗೆ ಅಪಾಯ. ಅದು ನಾರಿನಂಥದು. ತಿರುಗುವ ಆಕ್ಸೆಲಿಗೆ ಸುತ್ತಿಕೊಂಡು ಹಗ್ಗದಂತೆ ಬಿಗಿಯುತ್ತದೆ, ಉಳಿದದ್ದು ಸೈಲೆನ್ಸರಿಗೆ ತಗುಲಿ ಒಣಗಿ ಹೊತ್ತಿಕೊಳ್ಳುತ್ತದೆ. ಹೀಗೆ ಕಾರು ಸುಟ್ಟುಹೋದ ಸುದ್ದಿ ಕರ್ನಾಟಕದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಎತ್ತರದ ಜೀಪಿನಲ್ಲಿ ಹುಲ್ಲು ಹೊಟ್ಟೆಗೆ ತಾಗದೆ ಹೋಗಬಹುದು. ತಗ್ಗಿದ ಕಾರು ಅದನ್ನು ಬಾಚಿಕೊಂಡೇ ಹೋಗುತ್ತದೆ. ಮೇಲಾಗಿ ಟರ್ಬೊ ಎಂಜಿನ್ನಿನ ಹೊಗೆ ಕೊಳವೆ ಬಹಳ ಬಿಸಿ. ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರು ಕೂಡ ಕೆಳಗೇ ಇರುತ್ತದೆ.

ದಾರಿಯಲ್ಲಿ ಹುರುಳಿ ಕಂಡರೆ ನಿಲ್ಲಿಸಿ. ಇಳಿದು "ಅಣ್ಣ, ಸ್ವಲ್ಪ ಜಾಗ ಮಾಡಿಕೊಡಿ" ಎಂದರೆ ನಮ್ಮ ಕಡೆಯವರು ಇಲ್ಲ ಎನ್ನುವುದಿಲ್ಲ. ಕವೆಗೋಲಿನಲ್ಲಿ ಸರಿಸಿ ದಾರಿ ಬಿಡುತ್ತಾರೆ. ಹಾರ್ನ್ ಬಾರಿಸಿದರೆ ಕೆಲಸ ಕೆಡುತ್ತದೆ. ಅನಿವಾರ್ಯವಾಗಿ ದಾಟಿದ್ದರೆ ಮುಂದೆ ಸ್ವಲ್ಪ ದೂರದಲ್ಲೇ ನಿಲ್ಲಿಸಿ, ಎಂಜಿನ್ ಆರಿಸಿ, ಬಗ್ಗಿ ಕೆಳಗೆ ನೋಡಿ. ಬೆಂಕಿ ಆರಿಸುವ ಪುಟ್ಟ ಸಿಲಿಂಡರೊಂದು ಸೀಟಿನ ಕೆಳಗೆ ಇರಲಿ. ಸ್ಪಾಯ್ಲರಿಗೆ ಖರ್ಚು ಮಾಡುವವರು ಇದಕ್ಕೂ ಖರ್ಚು ಮಾಡಬಹುದು.

ಕಬ್ಬು ಅರೆಯುವ ಹಂಗಾಮಿನಲ್ಲಿ ರಾತ್ರಿ ಹೊತ್ತು ಎರಡೆರಡು ಟ್ರೇಲರು ಕಟ್ಟಿದ ಟ್ರ್ಯಾಕ್ಟರುಗಳು ಕಾರ್ಖಾನೆ ಕಡೆ ಸಾಲುಗಟ್ಟುತ್ತವೆ. ಬಹಳಷ್ಟಕ್ಕೆ ಹಿಂದೆ ದೀಪವಿಲ್ಲ, ರಿಫ್ಲೆಕ್ಟರಿಲ್ಲ. ಇದ್ದರೂ ನೇತಾಡುವ ಕಬ್ಬಿನ ಸೋಗೆ ಮುಚ್ಚಿರುತ್ತದೆ. ನಿಮ್ಮ ಕಾರು ಒಂಬತ್ತು ಸೆಕೆಂಡಿನಲ್ಲಿ ನೂರು ಮುಟ್ಟಬಹುದು, ಆದರೆ ಟ್ರೇಲರಿನಿಂದ ಹೊರಚಾಚಿದ ಕಬ್ಬಿನ ಜಲ್ಲೆ ಸರಿಯಾಗಿ ಗಾಜಿನ ಮಟ್ಟಕ್ಕೇ ಇರುತ್ತದೆ. ಇಷ್ಟು ಸಾಕು.

ವೇಗದ ಮಾತು ಬಂದರೆ ಎಲ್ಲರೂ ತೋರಿಸುವುದು ದಶಪಥವನ್ನು. 2023ರ ಮಾರ್ಚ್ 12ರಂದು ಮದ್ದೂರಿನ ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ. ಅದೇ ವರ್ಷ ಆಗಸ್ಟ್ 1ರಿಂದ ಮುಖ್ಯ ಪಥಕ್ಕೆ ಬೈಕು, ಆಟೊ, ಟ್ರ್ಯಾಕ್ಟರು ಬರುವಂತಿಲ್ಲ. ಕಾರು ಬೆಣ್ಣೆಯಂತೆ ಹೋಗುತ್ತದೆ, ನಿಜ. ಆದರೆ ವೇಗದ ಮಿತಿ 100. ಕ್ಯಾಮೆರಾಗಳಿವೆ. 2024ರ ಆಗಸ್ಟಿನಿಂದ ರಾಜ್ಯದಲ್ಲಿ 130 ದಾಟಿ ಓಡಿಸಿದವರ ಮೇಲೆ ಬರೀ ದಂಡವಲ್ಲ, ಎಫ್‌ಐಆರ್ ಹಾಕುವುದೆಂದು ಪೊಲೀಸರು ಸಾರಿದ್ದಾರೆ. ಅಲ್ಲಿಗೆ 145 ಅಶ್ವಶಕ್ತಿಗೂ 245 ಅಶ್ವಶಕ್ತಿಗೂ ದಶಪಥದಲ್ಲಿ ವ್ಯತ್ಯಾಸವೇ ಉಳಿಯಲಿಲ್ಲ. ನೂರರಲ್ಲಿ ಹೋಗಲು ಆಲ್ಟೊಗೂ ಶಕ್ತಿಯಿದೆ. ಅಬಾರ್ತಿನಂಥ ಕಾರಿನ ರುಚಿ ಇರುವುದು ಅಲ್ಲಲ್ಲ, ಐವತ್ತು ಅರವತ್ತರ ವೇಗದಲ್ಲಿ, ಎರಡನೇ ಮೂರನೇ ಗೇರಿನಲ್ಲಿ, ಮುತ್ತತ್ತಿ ಕಾಡಿನ ತಿರುವಿನಂಥ ಕಡೆ.

ಈಗ ಕಾರಿನ ಪರೀಕ್ಷೆ. ಹಳ್ಳಿಕಾರ್ ಎತ್ತು ಕೊಳ್ಳುವಾಗ ನಮ್ಮ ಹಿರಿಯರು ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದರು. ಕೊಂಬಿಗೆ ಬಳಿದ ಬಣ್ಣಕ್ಕೆ ಮರುಳಾಗುತ್ತಿರಲಿಲ್ಲ. ಕಾರಿನ ಹಲ್ಲು ಇರುವುದು ಯಾರೂ ತೊಳೆಯದ ಜಾಗಗಳಲ್ಲಿ. ಮಂಡ್ಯದ ಒಬ್ಬ ಹಳೇ ಮೆಕ್ಯಾನಿಕ್ಕಿನ ಹತ್ತಿರ ಒಂದು ಸಲ ಒಬ್ಬ ಹುಡುಗನನ್ನು ಕಳಿಸಿದ್ದೆ. ಹುಡುಗ ಹೆಮ್ಮೆಯಿಂದ, "ಅಣ್ಣ, ಬರೀ ನಲವತ್ತು ಸಾವ್ರ ಓಡೈತೆ ನೋಡಿ" ಅಂದನಂತೆ. ಮೆಕ್ಯಾನಿಕ್ಕು ಬಾಗಿಲು ತೆಗೆದು ಕ್ಲಚ್ ಪೆಡಲಿನ ರಬ್ಬರು ಮುಟ್ಟಿ, "ಮೀಟ್ರು ನಲವತ್ತು ಓಡೈತೆ ಕಣ್ ಮಗ, ಪೆಡ್ಲು ತೊಂಬತ್ತು ಓಡೈತಲ್ಲ" ಅಂದನಂತೆ. ಪೆಡಲು ಸವೆದಿದೆಯೆ, ಸ್ಟಿಯರಿಂಗಿನ ಚರ್ಮ ನುಣುಪಾಗಿದೆಯೆ, ಚಾಲಕನ ಸೀಟಿನ ಹೊರ ಅಂಚು ಕುಸಿದಿದೆಯೆ? ಮೀಟರು ಹಿಂದಕ್ಕೆ ತಿರುಗಿಸಬಹುದು, ಇವನ್ನು ತಿರುಗಿಸುವುದು ಕಷ್ಟ. ಸರ್ವೀಸ್ ದಾಖಲೆಗಳಲ್ಲಿ ಪ್ರತಿ ಸಲ ಬರೆದ ಕಿಲೋಮೀಟರು ಒಂದಕ್ಕೊಂದು ಹೊಂದುತ್ತದೆಯೆ ನೋಡಿ.

ಬೆಳಿಗ್ಗೆ ಹೋಗಿ, ಎಂಜಿನ್ನು ತಣ್ಣಗಿರುವಾಗ. ಬಾನೆಟ್ ಮುಟ್ಟಿ ನೋಡಿ; ಬಿಸಿಯಿದ್ದರೆ ನೀವು ಬರುವ ಮೊದಲೇ ಚಾಲೂ ಮಾಡಿದ್ದಾರೆ, ಏಕೆ ಎಂದು ಕೇಳಿ. ಚಾಲೂ ಆದಾಗ ನೀಲಿ ಹೊಗೆ ಬಂದರೆ ಎಣ್ಣೆ ಸುಡುತ್ತಿದೆ ಎಂದರ್ಥ, ಟರ್ಬೊ ಸವೆದಿರಬಹುದು. ಅಬಾರ್ತಿನ ಎಂಜಿನ್ನಿಗೆ ಟೈಮಿಂಗ್ ಬೆಲ್ಟ್ ಇದೆ, ರಬ್ಬರಿನದು. ಅದನ್ನು ಯಾವಾಗ ಬದಲಿಸಿದರು ಎಂಬುದಕ್ಕೆ ಬಿಲ್ಲು ಬೇಕು. ಬಿಲ್ಲಿಲ್ಲವೆ, ಬದಲಿಸಿಲ್ಲ ಎಂದೇ ಲೆಕ್ಕ. ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಬೆಲ್ಟು ಓಡುವಾಗ ಕಿತ್ತುಹೋದರೆ ಎಂಜಿನ್ನಿನ ಒಳಗೆ ವಾಲ್ವುಗಳು ಬಾಗುತ್ತವೆ. ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಒಂದು ಗುರುತಿರುತ್ತದೆ: 2321 ಎಂದಿದ್ದರೆ 2021ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಗೀರು ಆಳವಾಗಿದ್ದರೂ ಐದಾರು ವರ್ಷ ದಾಟಿದ ಟೈರಿನ ರಬ್ಬರು ಗಟ್ಟಿಯಾಗಿರುತ್ತದೆ, ಓಟದ ಕಾರಿಗೆ ಅದು ಆಗದು.

ಕಾರನ್ನು ಲಿಫ್ಟಿನ ಮೇಲೆ ಎತ್ತಿಸದೆ ಮುಂಗಡ ಕೊಡಬೇಡಿ. ಹೊಟ್ಟೆಯ ಮೇಲಿನ ಗೀರುಗಳು ಹಿಂದಿನ ಒಡೆಯ ಯಾವ ರಸ್ತೆಯಲ್ಲಿ, ಹೇಗೆ ಓಡಿಸಿದ ಎಂಬ ಕಥೆಯನ್ನೆಲ್ಲ ಹೇಳುತ್ತವೆ. ನೀರಿನಲ್ಲಿ ಮುಳುಗಿದ ಕಾರಿನ ಬಗ್ಗೆ ವಿಶೇಷ ಎಚ್ಚರ ಬೇಕು. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಬಳಿ ಹೆದ್ದಾರಿಯೇ ಕೆರೆಯಾಗಿ ವಾಹನಗಳು ಮುಳುಗಿದ್ದು ನಿಮಗೆ ನೆನಪಿರಬಹುದು. ಮುಂದಿನ ವಾರವೇ ಬೆಂಗಳೂರಿನ ಹೊರವರ್ತುಲ ರಸ್ತೆ, ಸರ್ಜಾಪುರದ ಕಡೆಯ ಬಡಾವಣೆಗಳಲ್ಲಿ ದುಬಾರಿ ಕಾರುಗಳು ತೇಲಿದವು. ಅಂಥವು ತೊಳೆದು ಒರೆಸಿಕೊಂಡು ಮಾರುಕಟ್ಟೆಗೆ ಬರುತ್ತವೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಮಣ್ಣಿನ ಗೆರೆ ಕಂಡರೆ, ಬೆಲೆ ಎಷ್ಟೇ ಕಮ್ಮಿಯಿರಲಿ, ಬಂದ ಬಸ್ಸಿನಲ್ಲೇ ವಾಪಸು ಹೊರಡಿ.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ, ಆದರೆ ಒಂದು ಕಡೆ ನಿಲ್ಲಬೇಕು. ಫಾರಂ 29, 30 ಕೈಗೆ ಬಂದ ಮಾತ್ರಕ್ಕೆ ಕಾರು ನಿಮ್ಮದಲ್ಲ; ಆರ್‌ಸಿಯಲ್ಲಿ ನಿಮ್ಮ ಹೆಸರು ಬಂದಾಗ ನಿಮ್ಮದು. ಸಾಲವಿದ್ದರೆ ಬ್ಯಾಂಕಿನ ಎನ್‌ಒಸಿ, ಫಾರಂ 35 ಬೇಕು. ಬಾಕಿ ದಂಡಗಳು ಕಾರಿನ ಜೊತೆಗೇ ಬರುತ್ತವೆ, ಓಟದ ಕಾರಿನದ್ದಾದರೆ ಸಾಲುಗಟ್ಟಿ ಬರುತ್ತವೆ. ಹದಿನಾಲ್ಕು ದಿನದೊಳಗೆ ವಿಮೆಯನ್ನೂ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ. ನೋ ಕ್ಲೇಮ್ ಬೋನಸ್ ಕಾರಿನದಲ್ಲ, ಹಳೇ ಒಡೆಯನದ್ದು. ಅದು ನಿಮಗೆ ಸಿಗದು.

ನಿಲ್ಲಬೇಕಾದ್ದು ಇಲ್ಲಿ: ಹೊರರಾಜ್ಯದ ನಂಬರು. ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ದಾಟಿದ ಪೆಟ್ರೋಲ್ ಗಾಡಿಗಳ ಮೇಲೆ ಕೋರ್ಟಿನ ನಿರ್ಬಂಧ ಬಂದಂದಿನಿಂದ ಅಲ್ಲಿಯ ಕಾರುಗಳು ಅಗ್ಗವಾಗಿ ದಕ್ಷಿಣಕ್ಕೆ ಬರುತ್ತಿವೆ. ಫೋಟೊದಲ್ಲಿ ಬೆಲೆ ನೋಡಿ ಹುಡುಗರ ಬಾಯಲ್ಲಿ ನೀರು. ಆದರೆ ಬೇರೆ ರಾಜ್ಯದ ಗಾಡಿಯನ್ನು ಇಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಇಲ್ಲಿಯ ನಂಬರು ಪಡೆಯಲೇಬೇಕು, ಕರ್ನಾಟಕದ ಜೀವಿತಾವಧಿ ತೆರಿಗೆ ಕಟ್ಟಲೇಬೇಕು. ಈ ತೆರಿಗೆ ದೇಶದಲ್ಲೇ ಜಾಸ್ತಿ ಇರುವ ಕಡೆಗಳಲ್ಲಿ ನಮ್ಮದೂ ಒಂದು. ಇಪ್ಪತ್ತು ಲಕ್ಷಕ್ಕೆ ಮೇಲ್ಪಟ್ಟ ಹೊಸ ಕಾರಿಗೆ ನೂರಕ್ಕೆ 18. ಹಳೇ ಕಾರಿಗೆ ವಯಸ್ಸು ನೋಡಿ ಇಳಿಸುತ್ತಾರೆ, ಆದರೆ ಲೆಕ್ಕ ಶುರುವಾಗುವುದು ನೀವು ಕೊಟ್ಟ ಬೆಲೆಯಿಂದಲ್ಲ. 2025ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮಹಾರಾಷ್ಟ್ರ ನಂಬರಿನ ಒಂದು ಫೆರಾರಿಗೆ 1 ಕೋಟಿ 41 ಲಕ್ಷ ರೂಪಾಯಿ ತೆರಿಗೆ ಕಟ್ಟಿಸಿದರು. ನಿಮ್ಮ ಕಾರು ಫೆರಾರಿಯಲ್ಲ. ಆದರೂ ದೆಹಲಿಯ ಉಳಿತಾಯದಲ್ಲಿ ಎಷ್ಟು ಮಂಡ್ಯದ ಆರ್‌ಟಿಒ ಕಚೇರಿಯಲ್ಲಿ ಕರಗುತ್ತದೆ ಎಂದು ಮೊದಲೇ ವಿಚಾರಿಸಿ, ಆಮೇಲೆ ರೈಲು ಹತ್ತಿ. ನನ್ನ ಮಾತು ಕೇಳುವುದಾದರೆ ಕೆಎ ನಂಬರಿನ, ಒಬ್ಬರದೇ ಕೈಯಲ್ಲಿದ್ದ ಗಾಡಿಯನ್ನೇ ಹುಡುಕಿ.

ಹಿಂದಿನ ಒಡೆಯ ಸೈಲೆನ್ಸರು ಬದಲಿಸಿದ್ದಾನೆ, ಕಂಪ್ಯೂಟರಿನ ಲೆಕ್ಕ ತಿದ್ದಿ ಶಕ್ತಿ ಏರಿಸಿದ್ದಾನೆ ಎಂದು ಮಾರುವವರು ಹೊಗಳಿಕೆಯಾಗಿ ಹೇಳುತ್ತಾರೆ. ನನಗೆ ಅದು ಬೆಲೆ ಇಳಿಸಲು ಕಾರಣ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನು ಗಾಡಿಯ ಮೂಲ ರೂಪ ಬದಲಿಸುವುದನ್ನು ಒಪ್ಪುವುದಿಲ್ಲ. ಅಪಘಾತವಾದಾಗ ವಿಮೆಯವರು ಮೊದಲು ಹುಡುಕುವುದೂ ಅದನ್ನೇ.

ಬಿಡಿಭಾಗದ ಮಾತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ನಿಯಮ ಬರುವ ಹೊತ್ತಿಗೆ ಫಿಯೆಟ್‌ನವರು ಪುಂಟೊ, ಲಿನಿಯಾಗಳನ್ನು ಅದಕ್ಕೆ ಒಗ್ಗಿಸಲು ಹೋಗಲಿಲ್ಲ, ಭಾರತದಲ್ಲಿ ಆ ಹೆಸರಿನ ಕಾರು ಮಾರಾಟ ನಿಂತಿತು. ಅಬಾರ್ತಿನ ಮೈ ಪುಂಟೊದ್ದು, ಎಂಜಿನ್ನಿನ ಕುಟುಂಬ ಲಿನಿಯಾ ಟಿ-ಜೆಟ್‌ನದ್ದು. ಹಾಗಾಗಿ ಸಾಕಷ್ಟು ಸಾಮಾನು ಇನ್ನೂ ಹೊಂದಿಸಬಹುದು. ಅದಕ್ಕೇ ಸೀಮಿತವಾದ ಚಕ್ರ, ಸ್ಪ್ರಿಂಗು, ಚೇಳಿನ ಬಿಲ್ಲೆ ಇಂಥವಕ್ಕೆ ಕಾಯಬೇಕು. ಮದ್ದೂರಿನಲ್ಲಿ ಮಾರುತಿಯ ಬಂಪರು ಸಂಜೆಯೊಳಗೆ ಸಿಗುತ್ತದೆ. ಇದರದ್ದಕ್ಕೆ ಮೈಸೂರು, ಬೆಂಗಳೂರು, ಕೆಲವೊಮ್ಮೆ ಕೊಯಮತ್ತೂರಿಗೂ ಫೋನು ಮಾಡಬೇಕಾದೀತು. ಆದ್ದರಿಂದ ಕಾರು ಹುಡುಕುವ ಮೊದಲು ಮೆಕ್ಯಾನಿಕ್ಕನ್ನು ಹುಡುಕಿ. ಮನೆಯಲ್ಲಿ ಇನ್ನೊಂದು ಗಾಡಿ, ಕೊನೆಗೆ ಒಂದು ಸ್ಕೂಟರಾದರೂ, ಇರಲಿ. ಅಬಾರ್ತ್ ಎರಡು ವಾರ ಗ್ಯಾರೇಜಿನಲ್ಲಿ ಕೂತರೆ ನಿಮ್ಮ ಕೆಲಸ ನಿಲ್ಲಬಾರದು.

ಕೊನೆಗೆ ಪೆಟ್ರೋಲು. ದಿನಕ್ಕೆ ಅರವತ್ತು ಕಿಲೋಮೀಟರು ಓಡಾಡುವವರು ಲೀಟರಿಗೆ ನೂರು ರೂಪಾಯಿ ಎಂದಿಟ್ಟುಕೊಂಡರೂ, ಹತ್ತು ಕಿಲೋಮೀಟರು ಕೊಡುವ ಕಾರಿಗೆ ದಿನಕ್ಕೆ 600, ಇಪ್ಪತ್ತು ಕೊಡುವುದಕ್ಕೆ 300. ತಿಂಗಳಿಗೆ 25 ದಿನಕ್ಕೆ ವ್ಯತ್ಯಾಸ ಏಳೂವರೆ ಸಾವಿರ. ಈ ಲೆಕ್ಕ ಮನೆಯವರ ಎದುರಿಗೇ ಹಾಕಿ.

ಈ ಪೆಟ್ರೋಲಿನಲ್ಲಿ ನಮ್ಮ ಕಬ್ಬಿನ ಪಾಲೂ ಇದೆ. ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ 20ರವರೆಗೆ ಎಥನಾಲ್ ಬೆರೆತ ಪೆಟ್ರೋಲು. ಕಾಕಂಬಿಯಿಂದಲೂ ಕಬ್ಬಿನ ಹಾಲಿನಿಂದಲೂ ಆಗುವ ಎಥನಾಲಿನಿಂದ ಕಬ್ಬು ಬೆಳೆಗಾರರಿಗೆ ಕಾರ್ಖಾನೆಗಳು ಬೇಗ ಹಣ ಕೊಡುತ್ತವೆ ಎಂಬ ಆಸೆಯಿದೆ, ಆಗಲಿ. ಆದರೆ ಲೀಟರಿಗೆ ಲೀಟರು ತೂಗಿದರೆ ಎಥನಾಲಿನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ, ಮೈಲೇಜು ಅಷ್ಟಿಷ್ಟು ಇಳಿಯುತ್ತದೆ. ಇ20ಕ್ಕೆಂದೇ ತಯಾರಾದ ಕಾರುಗಳು ಬಂದದ್ದು 2023ರ ಏಪ್ರಿಲಿನಿಂದ ಈಚೆಗೆ. 2015ರ ಕಾರಿನ ರಬ್ಬರು ಕೊಳವೆ, ಸೀಲುಗಳನ್ನು ಅದಕ್ಕಾಗಿ ಮಾಡಿರಲಿಲ್ಲ. ಕೊಂಡ ಕೂಡಲೇ ಅವನ್ನು ಪರೀಕ್ಷಿಸಿ, ಗಟ್ಟಿಯಾಗಿದ್ದರೆ ಬದಲಿಸಿ. ಎಥನಾಲಿನ ಆಕ್ಟೇನ್ ಹೆಚ್ಚು, ಟರ್ಬೊ ಎಂಜಿನ್ನಿಗೆ ಅದು ಹಿತವೇ. ತೊಂದರೆಯಿರುವುದು ಅದು ಗಾಳಿಯ ತೇವವನ್ನು ಹೀರುವುದರಲ್ಲಿ. ಅರ್ಧ ಟ್ಯಾಂಕಿನೊಂದಿಗೆ ತಿಂಗಳುಗಟ್ಟಲೆ ಕವರು ಹೊದಿಸಿ ನಿಲ್ಲಿಸಿದ ಕಾರಿನಲ್ಲಿ ನೀರು ಸೇರಿ ಪಂಪು ತುಕ್ಕು ಹಿಡಿಯಬಹುದು. ಜೊತೆಗೆ ಬ್ಯಾಟರಿ ಸಾಯುತ್ತದೆ, ಒಂದೇ ಕಡೆ ಭಾರ ಹೊತ್ತ ಟೈರು ಚಪ್ಪಟೆಯಾಗುತ್ತದೆ, ಹೊಲದ ಇಲಿಗಳು ಬಾನೆಟ್ಟಿನೊಳಗೆ ಮನೆ ಮಾಡಿ ವೈರು ಕಡಿಯುತ್ತವೆ.

ಹಾಗಾಗಿ, "ವಿಶೇಷ ಕಾರು ಸಾರ್, ಭಾನುವಾರಕ್ಕೆ ಮಾತ್ರ ತೆಗೀತೀನಿ" ಎನ್ನುವವನಿಗಿಂತ ದಿನಾ ಓಡಿಸುತ್ತೇನೆ ಎನ್ನುವ ಹುಡುಗನೇ ನನಗೆ ಇಷ್ಟ. ಹಂಪಿಗೆ ನಿಧಾನಿಸಿ, ಹುರುಳಿಗೆ ನಿಲ್ಲಿಸಿ, ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಮೊದಲೇ ಎಣ್ಣೆ ಬದಲಿಸುತ್ತ ದಿನಾ ಓಡಿಸಿದ ಟರ್ಬೊ ಕಾರು, ಕವರಿನ ಕೆಳಗೆ ಕೂತದ್ದಕ್ಕಿಂತ ಆರೋಗ್ಯವಾಗಿರುತ್ತದೆ. ಕೊಳ್ಳುವಾಗಲೂ ಕಿಲೋಮೀಟರು ತೀರಾ ಕಡಿಮೆಯಿರುವ ಎಂಟು ವರ್ಷದ ಕಾರಿಗಿಂತ, ದಾಖಲೆ ಸರಿಯಿರುವ, ಅರವತ್ತು ಎಪ್ಪತ್ತು ಸಾವಿರ ಓಡಿದ ಕಾರನ್ನು ಮೊದಲು ನೋಡಿ.